ಬಂಡೀಪುರದ ರಸ್ತೆಯಲ್ಲಿ ಆನೆ ಎದುರಾದರೆ, ಮುಂದಿನ ಕಾರಿನವರು ಕೆಳಗಿಳಿದರೆ

ಶಾಲೆಗೆ ರಜೆ ಬಿದ್ದ ಕೂಡಲೇ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ‘ಊಟಿಗೆ ಹೊರಟಿದ್ದೇವೆ, ಬಂಡೀಪುರದಲ್ಲಿ ಆನೆ ಅಡ್ಡ ಬಂದರೆ ಏನು ಮಾಡಬೇಕು?’ ‘ಜಿಂಕೆ ಕಂಡರೆ ಒಂದೇ ನಿಮಿಷ ನಿಲ್ಲಿಸಬಹುದೇ?’ ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: ‘ನಾವು ಸುಮ್ಮನೆ ಗಾಡಿಯಲ್ಲೇ ಇದ್ದೆವು. ಮುಂದಿನ ಕಾರಿನವರು ಇಳಿದು ಫೋಟೋ ತೆಗೆಯಲು ಹೋದರು, ಆನೆ ತಿರುಗಿಬಿತ್ತು. ನಾವು ಏನು ಮಾಡಬೇಕಿತ್ತು?’

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ಮೂರನೆಯದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಈ ರಸ್ತೆಯಲ್ಲಿ ಒಬ್ಬರ ಹುಚ್ಚಾಟದ ಫಲವನ್ನು ಹಿಂದಿನ ಹತ್ತು ಗಾಡಿಯವರು ಉಣ್ಣಬೇಕಾಗುತ್ತದೆ. ಸಫಾರಿಗೆ ಹೋಗುವವರಿಗಿಂತ ಹೆಚ್ಚಾಗಿ, ಸ್ವಂತ ಕಾರು ಅಥವಾ ಬೈಕಿನಲ್ಲಿ ಬಂಡೀಪುರ ದಾಟುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸಫಾರಿ ಜೀಪಿನಲ್ಲಿ ನಿಮ್ಮ ಮೇಲೆ ಕಣ್ಣಿಡಲು ಒಬ್ಬ ಚಾಲಕನಾದರೂ ಇರುತ್ತಾನೆ. ಹೆದ್ದಾರಿಯಲ್ಲಿ ನೀವೇ ಚಾಲಕರು, ನೀವೇ ಕಾವಲುಗಾರರು.

ಗುಂಡ್ಲುಪೇಟೆಯಿಂದ ಎರಡು ರಾಷ್ಟ್ರೀಯ ಹೆದ್ದಾರಿಗಳು ಕವಲೊಡೆದು ಬಂಡೀಪುರದ ಕಾಡನ್ನು ಹೊಗುತ್ತವೆ. ಒಂದು ಊಟಿಯ ಕಡೆಗೆ: ಮೇಲುಕಾಮನಹಳ್ಳಿಯಲ್ಲಿ ಕಾಡು ಸೇರಿ, ಕೆಕ್ಕನಹಳ್ಳದ ಬಳಿ ತಮಿಳುನಾಡಿನ ಮುದುಮಲೈಗೆ ದಾಟುತ್ತದೆ. ಇನ್ನೊಂದು ವಯನಾಡಿನ ಕಡೆಗೆ: ಮದ್ದೂರು ತಪಾಸಣಾ ಠಾಣೆಯಿಂದ ಮೂಲೆಹೊಳೆಯವರೆಗೆ ನಮ್ಮ ಕಾಡು, ಆಮೇಲೆ ಕೇರಳದ ಮುತ್ತಂಗ. ರಾಜ್ಯಗಳ ಗಡಿ ನಮ್ಮ ಲೆಕ್ಕಕ್ಕೆ ಮಾತ್ರ. ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡು ನಾಲ್ಕೂ ಒಂದಕ್ಕೊಂದು ತಾಗಿಕೊಂಡಿರುವ ಒಂದೇ ಕಾಡು. ಬೇಸಿಗೆಯಲ್ಲಿ ಆನೆ ಹಿಂಡುಗಳು ಕಬಿನಿ ಹಿನ್ನೀರಿನತ್ತ ಸರಿಯುತ್ತವೆ, ಮಳೆ ಬಿದ್ದ ಮೇಲೆ ಮತ್ತೆ ಚದುರುತ್ತವೆ. ಈ ಓಡಾಟದ ನಡುವೆ ನಮ್ಮ ಡಾಂಬರು ರಸ್ತೆ ಇದೆ. ಅಡ್ಡ ಬಂದದ್ದು ಯಾರು ಎಂಬ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟು ಕೆಲಸಕ್ಕೆ ಬರೋಣ.

1. ಮೊದಲು ಗಡಿಯಾರ ನೋಡಿ

ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ರಾತ್ರಿ ವಾಹನಗಳಿಗೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದ ಕಾರಣ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಈ ಆದೇಶ ಹೊರಡಿಸಿತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ.

ನಿಯಮ ಎಲ್ಲರಿಗೂ ಗೊತ್ತು. ಎಡವುವುದು ಲೆಕ್ಕದಲ್ಲಿ. ಬೆಂಗಳೂರಿನಿಂದ ಮಧ್ಯಾಹ್ನ ಊಟ ಮುಗಿಸಿ ಹೊರಟವರು ಮೈಸೂರಿನಲ್ಲಿ ಕಾಫಿಗೆ ನಿಂತು, ನಂಜನಗೂಡಿನಲ್ಲಿ ದೇವಸ್ಥಾನಕ್ಕೆ ಹೊಕ್ಕು, ಗುಂಡ್ಲುಪೇಟೆ ತಲುಪುವಾಗ ಎಂಟು ದಾಟಿರುತ್ತದೆ. ಆಮೇಲೆ ಗೇಟು ಮುಚ್ಚುವ ಮೊದಲು ನುಗ್ಗಬೇಕೆಂದು ಕತ್ತಲಲ್ಲಿ ತುಳಿಯುತ್ತಾರೆ. ಈ ರಸ್ತೆಯ ಅತಿ ಕೆಟ್ಟ ಗಂಟೆ ಯಾವುದೆಂದರೆ ಎಂಟರಿಂದ ಒಂಬತ್ತು. ಗಾಡಿಗಳು ಓಡುತ್ತಿರುತ್ತವೆ, ಪ್ರಾಣಿಗಳು ಹೊರಗೆ ಬಂದಿರುತ್ತವೆ, ಎರಡಕ್ಕೂ ಒಂದೇ ರಸ್ತೆ.

ಸಂಜೆ ಐದರೊಳಗೆ ಕಾಡು ದಾಟುವಂತೆ ಲೆಕ್ಕ ಹಾಕಿ. ತಡವಾಯಿತೇ, ಗುಂಡ್ಲುಪೇಟೆಯಲ್ಲೋ ಮೈಸೂರಿನಲ್ಲೋ ರಾತ್ರಿ ತಂಗಿ. ಠಾಣೆಯ ಕಾವಲುಗಾರರ ಹತ್ತಿರ ‘ಐದೇ ನಿಮಿಷ ತಡವಾಗಿದೆ, ಮಕ್ಕಳಿದ್ದಾರೆ’ ಎಂದು ಗೋಗರೆಯಬೇಡಿ, ಪರಿಚಯದವರ ಹೆಸರು ಹೇಳಿ ಹೆದರಿಸಲೂಬೇಡಿ. ಸರಪಳಿ ಎಳೆಯುವ ಆ ಮನುಷ್ಯ ಪ್ರತಿ ರಾತ್ರಿ ಹತ್ತಾರು ಬಾರಿ ಇದನ್ನೇ ಕೇಳುತ್ತಾನೆ.

ಊಟಿಗೆ ಹೋಗುವವರು ನೀಲಗಿರಿ ಜಿಲ್ಲೆಯ ಇ-ಪಾಸ್ ಅನ್ನು ಮನೆಯಲ್ಲೇ ಮಾಡಿಕೊಳ್ಳಿ. 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳಿಗೆ ಅದು ಕಡ್ಡಾಯ. ಕಾಡಿನ ಗಡಿಯಲ್ಲಿ ಗಾಡಿ ನಿಲ್ಲಿಸಿ, ಸಿಗ್ನಲ್ ಸಿಗದೆ ಮೊಬೈಲನ್ನು ಆಕಾಶಕ್ಕೆ ಹಿಡಿದು ಕೂರುವ ಪಾಡು ಬೇಡ.

2. ಗುಂಡ್ಲುಪೇಟೆಯಲ್ಲಿ ಹತ್ತು ನಿಮಿಷ

ಕಾಡಿನ ನಡುವೆ ಗಾಡಿ ನಿಲ್ಲಿಸಿದವರನ್ನು ಕೇಳಿ ನೋಡಿ. ಪ್ರಾಣಿ ನೋಡಲು ನಿಂತವರು ಒಂದಷ್ಟು ಜನ. ಉಳಿದವರು ಮಗುವಿಗೆ ಮೂತ್ರ, ಅಜ್ಜಿಗೆ ವಾಂತಿ, ಡಿಕ್ಕಿಯಲ್ಲಿರುವ ಬಿಸ್ಕತ್ತು ಎಂಬ ಕಾರಣ ಹೇಳುತ್ತಾರೆ. ಇವೆಲ್ಲ ಊರಿನಲ್ಲೇ ಮುಗಿಯಬೇಕಾದ ಕೆಲಸಗಳು.

ಇಂಧನ ತುಂಬಿಸಿ. ಟೈರಿನ ಗಾಳಿ ನೋಡಿಸಿ. ಎಲ್ಲರೂ, ಬೇಡ ಎನ್ನುವವರೂ ಸೇರಿ, ಶೌಚಾಲಯಕ್ಕೆ ಹೋಗಿ ಬರಲಿ. ಕುಡಿಯುವ ನೀರು ಕೈಗೆಟಕುವಂತಿರಲಿ, ಹಣ್ಣು ಮತ್ತು ತಿಂಡಿಯ ಚೀಲ ಮಾತ್ರ ಡಿಕ್ಕಿಯೊಳಗೆ ಹೋಗಲಿ. ಆನೆಗೆ ಕಣ್ಣು ಅಷ್ಟು ಚುರುಕಲ್ಲ, ಮೂಗು ಬಲು ಚುರುಕು. ಹಿಂದಿನ ಸೀಟಿನಲ್ಲಿ ಬಿಚ್ಚಿಟ್ಟ ಬಾಳೆಹಣ್ಣಿನ ಚಿಪ್ಪಿನ ವಾಸನೆ ನಿಮಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ತರಕಾರಿ, ಕಬ್ಬು ಹೊತ್ತ ಲಾರಿಗಳನ್ನು ತಡೆದು ನಿಲ್ಲಿಸುವುದನ್ನು ಈ ಸೀಮೆಯ ಕೆಲವು ಆನೆಗಳು ಚೆನ್ನಾಗಿಯೇ ಕಲಿತುಕೊಂಡಿವೆ.

ಒಂದು ಖಾಲಿ ಚೀಲವನ್ನು ಕಸಕ್ಕೆಂದು ಗೇರಿನ ಪಕ್ಕ ಸಿಕ್ಕಿಸಿಡಿ. ಕಸಕ್ಕೆ ಜಾಗ ಇಲ್ಲದ ಕಾರಿನಲ್ಲಿ ಕಿಟಕಿಯೇ ಕಸದ ಬುಟ್ಟಿಯಾಗುತ್ತದೆ.

ಇನ್ನೊಂದು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು: ಹೊರಡುವ ಮೊದಲು ಗಾಡಿಯಲ್ಲಿರುವ ಎಲ್ಲರಿಗೂ ಒಂದು ಮಾತು ಹೇಳಿಬಿಡಿ. ‘ಒಳಗೆ ಏನೇ ಕಂಡರೂ ಗಾಡಿ ನಿಲ್ಲುವುದಿಲ್ಲ, ಬಾಗಿಲು ತೆರೆಯುವುದಿಲ್ಲ, ಕೂಗಾಡುವಂತಿಲ್ಲ.’ ಊರಿನಲ್ಲೇ ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಆನೆ ಕಂಡ ಮೇಲೆ ಹೇಳಹೊರಟರೆ ಚಾಲಕನೊಬ್ಬನ ಮೇಲೆ ನಾಲ್ಕು ಜನರ ಕೂಗು: ‘ನಿಲ್ಸು, ನಿಲ್ಸು!’

3. ಠಾಣೆ ದಾಟಿದ ಮೇಲೆ

ಹಾಡು ಬಂದ್. ಹಾರ್ನ್ ಬಂದ್. ಕಿಟಕಿಯ ಗಾಜು ಅರ್ಧಕ್ಕಿಂತ ಮೇಲೇರಿರಲಿ. ಸನ್‌ರೂಫ್ ಮುಚ್ಚಿರಲಿ. ಮಕ್ಕಳನ್ನು ಅದರಿಂದ ಮೇಲೆ ನಿಲ್ಲಿಸಿ ಕೊಂಡೊಯ್ಯುವುದು ಯಾವ ರಸ್ತೆಯಲ್ಲೂ ಸಲ್ಲದು, ಈ ರಸ್ತೆಯಲ್ಲಂತೂ ಕೇಳುವುದೇ ಬೇಡ.

ವೇಗಕ್ಕೆ ಫಲಕದಲ್ಲಿ ಬರೆದ ಮಿತಿಯನ್ನು ಪಾಲಿಸಿ. ಉಬ್ಬುಗಳು ಇವೆ ಎಂದು ಗೊಣಗುವವರಿಗೆ ಒಂದು ಮಾತು: ಉಬ್ಬು ಇಲ್ಲದ ನೇರ ಭಾಗಗಳಲ್ಲೇ ಜಿಂಕೆಗಳು ಹೆಚ್ಚು ಸಾಯುವುದು. ಉಬ್ಬು ದಾಟಿದ ಕೂಡಲೇ ವೇಗ ಏರಿಸಿ ಮುಂದಿನ ಉಬ್ಬಿಗೆ ತಡವರಿಸುವುದಕ್ಕಿಂತ ಒಂದೇ ಗೇರಿನಲ್ಲಿ ನಿಧಾನಕ್ಕೆ ಸಾಗಿ. ಅರ್ಧ ಗಂಟೆಯ ದಾರಿಯಲ್ಲಿ ನೀವು ಉಳಿಸಬಹುದಾದದ್ದು ಎಂಟೋ ಹತ್ತೋ ನಿಮಿಷ.

ರಸ್ತೆಯ ಎರಡೂ ಬದಿಗೆ ಪೊದೆ ಸವರಿದ ಪಟ್ಟಿಯೊಂದು ಕಾಣುತ್ತದೆ. ಅದನ್ನು ‘ವ್ಯೂ ಲೈನ್’ ಎನ್ನುತ್ತಾರೆ, ನೋಟ ಹರಿಯಲೆಂದು ತೆರವು ಮಾಡಿದ ಜಾಗ ಎಂದರ್ಥ. ಸವರಿದ ಕಡೆ ಎಳೆ ಹುಲ್ಲು ಚಿಗುರುತ್ತದೆ, ಹುಲ್ಲಿಗೆ ಜಿಂಕೆ ಬರುತ್ತದೆ. ಆದ್ದರಿಂದ ರಸ್ತೆ ಬದಿಯಲ್ಲಿ ಜಿಂಕೆ ಕಾಣುವುದು ನಿಮ್ಮ ಅದೃಷ್ಟವೇನೂ ಅಲ್ಲ, ದಿನವೂ ಇರುವ ನೋಟ. ಒಂದು ಜಿಂಕೆ ರಸ್ತೆ ದಾಟಿತೆಂದರೆ ಹಿಂದೆ ಇನ್ನೂ ಇವೆ ಎಂದೇ ತಿಳಿಯಿರಿ. ಬಹಳಷ್ಟು ಚಾಲಕರು ಮೊದಲನೆಯದಕ್ಕೆ ಬ್ರೇಕ್ ಹಾಕಿ, ಅದು ದಾಟಿದ ಕೂಡಲೇ ಆಕ್ಸಿಲರೇಟರ್ ಒತ್ತಿ ಎರಡನೆಯದಕ್ಕೆ ಗುದ್ದುತ್ತಾರೆ. ಲಂಗೂರ್‌ಗಳ, ಅಂದರೆ ಮುಸುವಗಳ ಗುಂಪಿನಲ್ಲೂ ಹೀಗೆಯೇ. ತಾಯಿ ದಾಟಿ ಮರಿ ಈಚೆ ಉಳಿದಿರುತ್ತದೆ.

4. ‘ಒಂದೇ ನಿಮಿಷ’ ನಿಲ್ಲಿಸಬಹುದೇ?

ಇಲ್ಲ.

ಕಾರಣ ಕಾನೂನೊಂದೇ ಆಗಿದ್ದರೆ ಇಷ್ಟು ಖಂಡಿತವಾಗಿ ಹೇಳುತ್ತಿರಲಿಲ್ಲ. ಮೊದಲ ಗಾಡಿ ನಿಂತಾಗ ಏನಾಗುತ್ತದೆ ನೋಡಿ. ಎರಡನೆಯವನಿಗೆ ಏನೋ ಇದೆ ಎಂಬ ಕುತೂಹಲ, ಅವನೂ ನಿಲ್ಲಿಸುತ್ತಾನೆ. ಮೂರನೆಯವನಿಗೆ ಕಾಣುವುದಿಲ್ಲ, ಎದುರು ಬದಿಗೆ ನುಗ್ಗಿ ನಿಲ್ಲಿಸುತ್ತಾನೆ. ಈಗ ಎರಡೂ ಕಡೆಯ ರಸ್ತೆ ಕಟ್ಟಿತು. ಗಾಜು ಇಳಿಯುತ್ತದೆ, ಕೈ ಹೊರಗೆ ಬರುತ್ತದೆ, ಕಾರಿನೊಳಗಿಂದ ಸರಿಯಾಗಿ ಕಾಣದೆಂದು ಒಬ್ಬ ಬಾಗಿಲು ತೆರೆಯುತ್ತಾನೆ. ಮೊದಲು ನಿಂತವನು ಒಳ್ಳೆಯವನೇ ಇರಬಹುದು, ಗಾಜನ್ನೂ ಇಳಿಸಿರಲಿಕ್ಕಿಲ್ಲ. ಆದರೆ ಈ ಸಂತೆಯನ್ನು ಸೇರಿಸಿದವನು ಅವನೇ.

ಇಷ್ಟರಲ್ಲಿ ಪ್ರಾಣಿಗೆ ಹಿಂದೆ ಸರಿಯುವ ದಾರಿಯೂ ಮುಚ್ಚಿರುತ್ತದೆ. ರಸ್ತೆಯ ಆಚೆ ಅರ್ಧ ಹಿಂಡು, ಈಚೆ ಅರ್ಧ ಹಿಂಡು, ನಡುವೆ ಹೊಗೆ ಉಗುಳುವ ಎಂಟು ಗಾಡಿ. ಮರಿಯೊಂದು ಆಚೆ ಉಳಿದಿದ್ದರೆ ತಾಯಾನೆ ಏನು ಮಾಡೀತು ಎಂದು ನೀವೇ ಯೋಚಿಸಿ.

ಕಾನೂನನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅಭಯಾರಣ್ಯದಲ್ಲಿ ಕಾಡುಪ್ರಾಣಿಯನ್ನು ಕೆಣಕುವುದು, ಪೀಡಿಸುವುದು, ಕಸ ಎಸೆಯುವುದು ಅಪರಾಧ. 35ನೇ ಕಲಮು ಅದನ್ನು ರಾಷ್ಟ್ರೀಯ ಉದ್ಯಾನಗಳಿಗೂ ವಿಸ್ತರಿಸುತ್ತದೆ. 2022ರ ತಿದ್ದುಪಡಿಯ ನಂತರ ಇಂಥ ಸಾಮಾನ್ಯ ಉಲ್ಲಂಘನೆಗಳಿಗೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2025ರ ಆಗಸ್ಟ್‌ನಲ್ಲಿ ಊಟಿ ರಸ್ತೆಯ ಕೆಕ್ಕನಹಳ್ಳದ ಬಳಿ ಆನೆಯ ಜೊತೆ ಸೆಲ್ಫಿಗೆ ಹೋದವರೊಬ್ಬರು ಅದರ ಕಾಲಡಿ ಬಿದ್ದು, ಬದುಕಿ ಬಂದರು. ಆಮೇಲೆ ಅರಣ್ಯ ಇಲಾಖೆ ಅವರಿಗೆ 25,000 ರೂಪಾಯಿ ದಂಡ ಹಾಕಿತು. ದಂಡ ಕಟ್ಟಲು ಅವರು ಉಳಿದಿದ್ದರು ಎಂಬುದೇ ದೊಡ್ಡದು.

5. ಆನೆ ರಸ್ತೆಯಲ್ಲೇ ನಿಂತಿದೆ, ಈಗ?

ಇಲ್ಲಿ ನಿಲ್ಲಿಸಲೇಬೇಕು. ಪ್ರಶ್ನೆ ಎಲ್ಲಿ ಮತ್ತು ಹೇಗೆ ಎಂಬುದು.

ದೂರದಿಂದ ಕಂಡ ಕೂಡಲೇ ನಿಲ್ಲಿ, ಹತ್ತಿರ ಹೋಗಿ ನಿಲ್ಲಬೇಡಿ. ಐವತ್ತು ಮೀಟರು ಎಂಬುದು ನಾನು ಇಟ್ಟುಕೊಂಡಿರುವ ಕನಿಷ್ಠ ಲೆಕ್ಕ, ನೂರು ಇದ್ದರೆ ಇನ್ನೂ ಒಳ್ಳೆಯದು. ಏಷ್ಯಾದ ಆನೆಗಳ ಓಟವನ್ನು ಅಳೆದು ನೋಡಿದವರಿಗೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಸಿಕ್ಕಿದೆ. ಕೇಳಲು ಕಡಿಮೆ ಎನಿಸಬಹುದು. ಲೆಕ್ಕ ಹಾಕಿದರೆ 20 ಮೀಟರಿಗೆ ಮೂರು ಸೆಕೆಂಡು. ಕಾರಿನಿಂದ ಇಳಿದು ನಿಂತವನು ತಿರುಗಿ, ಬಾಗಿಲು ಹಿಡಿದು, ಒಳಗೆ ಕೂತು, ಮತ್ತೆ ಬಾಗಿಲು ಹಾಕಿಕೊಳ್ಳಲು ಎಷ್ಟು ಬೇಕು ಎಂದು ಮನೆಯ ಮುಂದೆ ಒಮ್ಮೆ ಎಣಿಸಿ ನೋಡಿ.

ನಿಂತ ಮೇಲೆ ಮಾಡಬೇಕಾದದ್ದು: ಎಂಜಿನ್ ಚಾಲೂ ಇರಲಿ, ಆದರೆ ಆಕ್ಸಿಲರೇಟರ್ ಒತ್ತಿ ಗರ್ಜಿಸಬೇಡಿ. ಮುಂದಿನ ದೀಪ ಪ್ರಖರವಾಗಿದ್ದರೆ ತಗ್ಗಿಸಿ. ಫ್ಲ್ಯಾಶ್ ಬೇಡ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ದೀಪ ಹಾಕಿದರೆ ಹಿಂದೆ ಬರುವವರಿಗೆ ಏನೋ ಇದೆ ಎಂದು ಗೊತ್ತಾಗುತ್ತದೆ. ಮುಂದಿನ ಗಾಡಿಗೂ ನಿಮಗೂ ನಡುವೆ ಎರಡು ಕಾರಿನಷ್ಟಾದರೂ ಜಾಗ ಇರಲಿ. ಬಂಪರಿಗೆ ಬಂಪರು ತಾಗಿಸಿ ನಿಂತವರಿಗೆ ಹಿಂದೆ ಸರಿಯಲು ದಾರಿ ಇರುವುದಿಲ್ಲ, ಅವರ ಮುಂದಿರುವವರಿಗೂ ಇರುವುದಿಲ್ಲ.

ಆಮೇಲೆ ಕಾಯಿರಿ. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಆನೆ ಸೊಂಡಿಲಿನಿಂದ ಹುಲ್ಲಿನ ಗರಿಕೆಯನ್ನು ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ, ಬಾಯಿಗಿಟ್ಟುಕೊಳ್ಳುತ್ತಿದ್ದರೆ ಅದು ತನ್ನ ಪಾಡಿಗೆ ತಾನಿದೆ ಎಂದರ್ಥ. ನಿಧಾನವಾಗಿ ಕಿವಿ ಬೀಸುತ್ತಿದ್ದರೂ ಚಿಂತೆಯಿಲ್ಲ, ಮೈ ತಂಪು ಮಾಡಿಕೊಳ್ಳುವ ರೀತಿ ಅದು. ಆದರೆ ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಹಿಂದೆ ಸರಿಯಲು ಶುರು ಮಾಡಿ:

ಮೇಯುವುದನ್ನು ತಟ್ಟನೆ ನಿಲ್ಲಿಸಿ ನಿಮ್ಮತ್ತ ನೇರ ತಿರುಗುವುದು. ಬೀಸುತ್ತಿದ್ದ ಕಿವಿಗಳನ್ನು ಎರಡೂ ಬದಿಗೆ ಅಗಲವಾಗಿ ಹರಡಿ ಹಾಗೇ ಹಿಡಿಯುವುದು. ತಲೆ ಕೊಡವುವುದು. ಮುಂಗಾಲನ್ನು ತೂಗುತ್ತ ನೆಲ ಕೆದರಿ ಮೈಮೇಲೆ ದೂಳು ಎರಚಿಕೊಳ್ಳುವುದು. ಸೊಂಡಿಲಿನ ತುದಿಯನ್ನು ಎತ್ತಿ ನಿಮ್ಮತ್ತ ಗಾಳಿ ಮೂಸುವುದು.

ಕೆಲವೊಮ್ಮೆ ಆನೆ ನಾಲ್ಕು ಹೆಜ್ಜೆ ಭರ್ರನೆ ನುಗ್ಗಿ, ಘೀಳಿಟ್ಟು, ನಿಂತುಬಿಡುತ್ತದೆ. ಇದನ್ನು ‘ಹುಸಿ ದಾಳಿ’ ಎನ್ನುತ್ತಾರೆ, ಹೆದರಿಸಿ ಕಳಿಸುವ ಪ್ರಯತ್ನ. ನಿಜವಾದ ದಾಳಿಯಲ್ಲಿ ಬಹುಮಟ್ಟಿಗೆ ಸದ್ದೇ ಇರುವುದಿಲ್ಲ: ಸೊಂಡಿಲು ಒಳಕ್ಕೆ ಸುತ್ತಿಕೊಂಡಿರುತ್ತದೆ, ತಲೆ ತಗ್ಗಿರುತ್ತದೆ, ಕಿವಿ ಹಿಂದಕ್ಕೆ ಒತ್ತಿರುತ್ತದೆ. ಈ ವ್ಯತ್ಯಾಸವನ್ನು ಹೇಳಿದ್ದೇನೆ ನಿಜ. ಇದನ್ನು ನಂಬಿ ‘ಇದು ಹುಸಿ, ಹೆದರಬೇಡ’ ಎಂದು ಪಕ್ಕದವರಿಗೆ ಪಾಠ ಮಾಡುತ್ತ ಕೂರಬೇಡಿ. ಹುಸಿಯಾಗಿ ಶುರುವಾದದ್ದು ನಿಜವಾಗಲು ಒಂದು ಹಾರ್ನ್ ಸಾಕು.

ಇನ್ನೊಂದು ಪದ ನಿಮ್ಮ ಕಿವಿಗೆ ಬೀಳಬಹುದು: ‘ಮದ’. ಬೆಳೆದ ಗಂಡಾನೆಗೆ ಕಾಲಕಾಲಕ್ಕೆ ಬರುವ ಉದ್ರೇಕದ ಸ್ಥಿತಿ ಇದು. ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿಯಿಂದ ಎಣ್ಣೆಯಂಥ ಸ್ರಾವ ಇಳಿದು ಕೆನ್ನೆಯ ಮೇಲೆ ಕಪ್ಪು ಗೆರೆ ಮೂಡಿರುತ್ತದೆ. ಕೆನ್ನೆ ಒದ್ದೆಯಾಗಿರುವ ಒಂಟಿ ಸಲಗ ಕಂಡರೆ ಲಕ್ಷಣಗಳನ್ನು ಎಣಿಸುವ ಗೋಜಿಗೆ ಹೋಗಬೇಡಿ, ಮೊದಲು ದೂರವಾಗಿ. ದಂತವಿಲ್ಲದ ಆನೆಯೆಲ್ಲ ಹೆಣ್ಣು, ಸಾಧು ಎಂದು ತಿಳಿಯುವುದೂ ತಪ್ಪು. ಮಖನಾ ಎಂದು ಕರೆಯುವ ದಂತವಿಲ್ಲದ ಗಂಡಾನೆಗಳೂ ಇರುತ್ತವೆ. ಇನ್ನು ಹೆಣ್ಣಾನೆಯ ಜೊತೆ ಮರಿ ಇದ್ದರೆ ಸಾಧುತನದ ಮಾತೇ ಇಲ್ಲ.

ಹಿಂದೆ ಸರಿಯುವಾಗ ನಿಧಾನವಾಗಿ, ನೇರವಾಗಿ, ರಿವರ್ಸ್ ಗೇರಿನಲ್ಲಿ. ಅಲ್ಲೇ ಗಾಡಿ ತಿರುಗಿಸಲು ಹೋಗಿ ಅಡ್ಡ ನಿಂತರೆ ನಿಮ್ಮ ಪಕ್ಕೆಯನ್ನು ಅದಕ್ಕೆ ಒಡ್ಡಿದಂತೆ. ಆನೆ ರಸ್ತೆ ಬಿಟ್ಟು ಪೊದೆಯೊಳಗೆ ಹೋದ ಕೂಡಲೇ ನುಗ್ಗಬೇಡಿ. ಲಂಟಾನದ ಪೊದೆ ಎಷ್ಟು ದಟ್ಟವೆಂದರೆ ಮೂರು ಮೀಟರು ಒಳಗೆ ನಿಂತ ಆನೆ ಕಾಣುವುದಿಲ್ಲ. ಹಿಂಡಿನ ಉಳಿದವು ದಾಟಲಿ ಎಂದು ಇನ್ನೂ ಎರಡು ಮೂರು ನಿಮಿಷ ಬಿಟ್ಟು, ನಿಲ್ಲದೆ, ಸದ್ದಿಲ್ಲದೆ ದಾಟಿ.

ಬೈಕಿನವರಿಗೆ ಬೇರೆಯೇ ಮಾತು. ನಿಮಗೆ ಬಾಗಿಲೂ ಇಲ್ಲ, ರಿವರ್ಸ್ ಗೇರೂ ಇಲ್ಲ. ಕಾರಿಗಿಂತ ದುಪ್ಪಟ್ಟು ದೂರದಲ್ಲಿ ನಿಂತು, ಆಗಲೇ ಬಂದ ದಿಕ್ಕಿಗೆ ಬೈಕ್ ತಿರುಗಿಸಿಟ್ಟುಕೊಳ್ಳಿ. ಬಸ್ಸೋ ಲಾರಿಯೋ ಬಂದರೆ ಅದರ ಪಕ್ಕದ ಮರೆಯಲ್ಲಿ, ಅದರ ವೇಗದಲ್ಲೇ ದಾಟಿ. ಬಸ್ಸಿನ ಚಾಲಕರಿಗೆ ಕೈ ಬೀಸಿ ಕೇಳಿಕೊಂಡರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ದಿನವೂ ಓಡಾಡುವ ಈ ಚಾಲಕರು ಎಲ್ಲಿ ನಿಲ್ಲುತ್ತಾರೆ, ಯಾವಾಗ ಹೊರಡುತ್ತಾರೆ ಎಂದು ನೋಡುವುದು ನನ್ನ ಯಾವ ಬರಹಕ್ಕಿಂತಲೂ ಒಳ್ಳೆಯ ಪಾಠ.

6. ಮುಂದಿನವರು ಇಳಿದರೆ

ಈಗ ಆ ಮೂರನೆಯ ಪ್ರಶ್ನೆ. ನೀವು ಸರಿಯಾದ ದೂರದಲ್ಲಿ ನಿಂತಿದ್ದೀರಿ. ಮುಂದಿನ ಕಾರಿನ ಎರಡು ಬಾಗಿಲು ತೆರೆಯುತ್ತವೆ. ಒಬ್ಬ ಮೊಬೈಲು ಹಿಡಿದು ನಡೆಯುತ್ತಾನೆ, ಇನ್ನೊಬ್ಬ ಹಿಂದಿನಿಂದ ಅವನ ವಿಡಿಯೋ ಮಾಡುತ್ತಾನೆ.

ಮೊದಲ ತಪ್ಪು ಹಾರ್ನ್ ಹಾಕುವುದು. ಬೈಗುಳ ಬಾಯಿಗೆ ಬರುತ್ತದೆ, ಕೈ ಹಾರ್ನಿಗೆ ಹೋಗುತ್ತದೆ, ನನಗೂ ಹೋಗಿದೆ. ನಿಮ್ಮ ಹಾರ್ನ್ ಆ ಮನುಷ್ಯನಿಗೆ ಬುದ್ಧಿ ಹೇಳುವುದಿಲ್ಲ, ಆನೆಯನ್ನು ಮಾತ್ರ ಕೆರಳಿಸುತ್ತದೆ. ಎರಡನೆಯ ತಪ್ಪು ಅವನನ್ನು ಎಳೆದು ತರಲು ನೀವೂ ಇಳಿಯುವುದು. ಮೂರನೆಯದು, ನಿಮ್ಮ ಕಾರಿನಲ್ಲಿರುವ ಯಾರಾದರೂ ಆ ದೃಶ್ಯವನ್ನು ಚಿತ್ರೀಕರಿಸಲೆಂದು ಗಾಜು ಇಳಿಸುವುದು.

ಹೀಗೆ ಮಾಡಿ. ಮೊದಲು ನಿಮ್ಮ ಗಾಡಿಯನ್ನು ಇನ್ನಷ್ಟು ಹಿಂದಕ್ಕೆ ತೆಗೆಯಿರಿ. ಅವನು ಓಡಿ ಬಂದಾಗ ಅವನ ಕಾರಿಗೆ ಹಿಂದೆ ಸರಿಯಲು ಜಾಗ ಬೇಕು. ನೀವು ಕೊಡಬಹುದಾದ ಅತಿ ದೊಡ್ಡ ಸಹಾಯ ಇದೇ. ಹಿಂದೆ ನಿಂತವರಿಗೂ ಕೈಸನ್ನೆ ಮಾಡಿ ಹಿಂದೆ ಸರಿಸಿ. ಇಳಿದವನು ನಿಮ್ಮ ಕಾರಿನ ಬಳಿಯೇ ಇದ್ದರೆ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ, ಕೂಗದೆ, ‘ಮರಿ ಇದೆ, ಗಾಡಿ ಹತ್ತಿ’ ಎಂದು ಹೇಳಿ. ಮರಿ ಕಾಣದಿದ್ದರೂ ಹೇಳಿ! ‘ಕಾನೂನು ಗೊತ್ತಿಲ್ಲವೇ’ ಎಂದು ಗದರಿದರೆ ಜಗಳಕ್ಕೆ ನಿಲ್ಲುವವರು ‘ಮರಿ ಇದೆ’ ಎಂದರೆ ಹೆದರಿ ಹತ್ತುತ್ತಾರೆ.

ಆನೆ ಅವನ ಮೇಲೆ ನುಗ್ಗಿಯೇಬಿಟ್ಟರೆ, ಅವನು ನಿಮ್ಮ ಕಾರಿನತ್ತ ಓಡಿಬಂದರೆ ಹಿಂದಿನ ಬಾಗಿಲಿನ ಲಾಕ್ ತೆಗೆದಿಡಿ. ಅವನ ಬುದ್ಧಿಗೆ ಬೆಲೆ ಕಟ್ಟುವ ಸಮಯ ಅದಲ್ಲ.

ನಂತರ, ಕಾಡು ದಾಟಿದ ಮೇಲೆ, ದೂರು ಕೊಡಿ. ಎದುರಿಗೆ ಸಿಗುವ ತಪಾಸಣಾ ಠಾಣೆಯಲ್ಲಿ ಗಾಡಿಯ ನೋಂದಣಿ ಸಂಖ್ಯೆ, ಸಮಯ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿದರೆ ಸಾಕು. ಆ ಗಾಡಿ ನಿಮ್ಮ ಹಿಂದೆಯೇ ಅದೇ ಠಾಣೆಗೆ ಬರಬೇಕಲ್ಲ! ಫೋನಿನಲ್ಲಿ ಹೇಳುವುದಾದರೆ ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಗಾಯವಾಗಿದ್ದರೆ 112. ಕಾಡಿನೊಳಗೆ ಹಲವು ಕಡೆ ಸಿಗ್ನಲ್ ಸಿಗುವುದಿಲ್ಲ, ಅದಕ್ಕಾಗಿ ಕಾಯುತ್ತ ನಿಲ್ಲುವ ಬದಲು ಠಾಣೆಗೆ ಮುಟ್ಟುವುದೇ ಮೇಲು.

ನಿಮ್ಮ ಡ್ಯಾಶ್‌ಕ್ಯಾಮ್‌ನಲ್ಲಿ, ಅಂದರೆ ಕಾರಿನ ಗಾಜಿಗೆ ಅಂಟಿಸಿದ ಕ್ಯಾಮೆರಾದಲ್ಲಿ, ದೃಶ್ಯ ದಾಖಲಾಗಿದ್ದರೆ ಇಲಾಖೆಗೆ ಕೊಡಿ. ಹಾಡು ಹಾಕಿ ಹಂಚಬೇಡಿ. ಆನೆಯಿಂದ ಕೂದಲೆಳೆಯಲ್ಲಿ ಪಾರಾದವನ ವಿಡಿಯೋವನ್ನು ಲಕ್ಷ ಜನ ನೋಡಿದರೆ ಅದರಲ್ಲಿ ನೂರು ಜನಕ್ಕೆ ಉಳಿಯುವುದು ‘ಪಾರಾದ’ ಎಂಬ ಭಾಗ ಮಾತ್ರ.

7. ತಿನ್ನಿಸುವುದು, ಎಸೆಯುವುದು, ಹಚ್ಚುವುದು

‘ಪಾಪ, ಹಸಿದಿದೆ’ ಎಂದು ಕೋತಿಗೆ ಬಾಳೆಹಣ್ಣು ಎಸೆಯುವವರು ಕೆಟ್ಟವರಲ್ಲ, ತಿಳಿಯದವರು. ಎಸೆದ ಹಣ್ಣಿಗೆ ಕೋತಿ ರಸ್ತೆಗೆ ಬರುತ್ತದೆ, ಮರುದಿನವೂ ಅಲ್ಲೇ ಕಾಯುತ್ತದೆ, ಮುಂದಿನ ಟೈರಿಗೆ ಸಿಗುತ್ತದೆ. ಚಿಪ್ಸ್ ಪೊಟ್ಟಣದ ಕಥೆ ಇನ್ನೂ ಕೆಟ್ಟದು. ಒಮ್ಮೆ ಹತ್ತಿರದಿಂದ ನೋಡಿದ್ದೇನೆ: ಚುಕ್ಕೆ ಜಿಂಕೆಯೊಂದು ಬೆಳ್ಳಿ ಬಣ್ಣದ ಖಾಲಿ ಪೊಟ್ಟಣದೊಳಗೆ ಮೂತಿ ತೂರಿಸಿ, ಉಪ್ಪು ನೆಕ್ಕಿ ನೆಕ್ಕಿ, ಕೊನೆಗೆ ಆ ಹಾಳೆಯನ್ನೇ ಮಡಚಿ ಅಗಿಯಲು ತೊಡಗಿತು. ಚರಚರ ಸದ್ದು ಕಾರಿನೊಳಗೆ ಕೇಳುತ್ತಿತ್ತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಸೇರಿಕೊಂಡ ಪ್ಲಾಸ್ಟಿಕ್ ಕರಗುವುದೂ ಇಲ್ಲ, ಸುಲಭಕ್ಕೆ ಹೊರಗೆ ಹೋಗುವುದೂ ಇಲ್ಲ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸಿಗರೇಟಿನ ತುಂಡೊಂದು ಇದೆಲ್ಲಕ್ಕಿಂತ ದೊಡ್ಡ ಅಪಾಯ. ಒಣಗಿದ ಲಂಟಾನ ಸೀಮೆಎಣ್ಣೆ ಸುರಿದಂತೆ ಉರಿಯುತ್ತದೆ. 2017ರ ಬೆಂಕಿಯಲ್ಲಿ ಬಂಡೀಪುರದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರುವರಿಯಲ್ಲಿ ಸಾವಿರಾರು ಎಕರೆ ಸುಟ್ಟು ಕರಿಯಾಯಿತು. ಆ ಬೆಂಕಿಗಳನ್ನು ಪ್ರವಾಸಿಗರೇ ಹಚ್ಚಿದರೆಂದು ನಾನು ಹೇಳುತ್ತಿಲ್ಲ. ನಮ್ಮ ಈ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ ಎಂಬುದನ್ನು ಮಾತ್ರ ನೆನಪಿಡಿ. ಸೇದುವವರು ಆ ಅರ್ಧ ಗಂಟೆ ತಡೆದುಕೊಳ್ಳಿ.

8. ಗಾಡಿ ಕೆಟ್ಟರೆ

ಹಜಾರ್ಡ್ ದೀಪ ಹಾಕಿ ಒಳಗೇ ಕುಳಿತಿರಿ. ಬಾನೆಟ್ ಎತ್ತಿ ನೋಡುವ ಆಸೆ ಬೇಡ, ಟೈರ್ ಪಂಕ್ಚರ್ ಆಗಿದ್ದರೂ ನಿಧಾನಕ್ಕೆ ಉರುಳಿಸಿಕೊಂಡೇ ಬಯಲಿನ ಜಾಗ ಅಥವಾ ಠಾಣೆ ತಲುಪಿ. ರಿಮ್ ಹಾಳಾದರೆ ಹೊಸದು ಸಿಗುತ್ತದೆ. ಉರುಳಿಸಲೂ ಆಗದಿದ್ದರೆ ಹಾದುಹೋಗುವ ಬಸ್ಸಿನವರ ಬಳಿ ಠಾಣೆಗೆ ಸುದ್ದಿ ಮುಟ್ಟಿಸಲು ಹೇಳಿ. ಇಲಾಖೆಯ ಗಸ್ತು ವಾಹನ ಬರುವವರೆಗೆ ಇಳಿಯಬೇಡಿ.

9. ನೋಡಲೇಬೇಕೆಂದಿದ್ದರೆ

ಪ್ರಾಣಿ ನೋಡುವ ಆಸೆ ತಪ್ಪಲ್ಲ. ಅದಕ್ಕೆ ಸಫಾರಿ ಇದೆ, ಹೆದ್ದಾರಿಯಲ್ಲ. ಹೊರಡುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿ. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ, 2025ರ ನವೆಂಬರ್‌ನಲ್ಲಿ, ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿಯನ್ನೇ ನಿಲ್ಲಿಸಲಾಗಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ಕೋರ್ ವಲಯದ, ಅಂದರೆ ಕಾಡಿನ ತಿರುಳು ಭಾಗದ, ಪ್ರವಾಸದಲ್ಲಿ ಮೊಬೈಲ್ ಬಳಸದಂತೆ ಹೇಳಿದೆ. ಮೊಬೈಲ್ ಒಳಗಿಡಿ ಎಂದು ಸಿಬ್ಬಂದಿ ಹೇಳಿದರೆ ವಾದಕ್ಕಿಳಿಯಬೇಡಿ.

ಸಫಾರಿಯಲ್ಲಿ ಎದ್ದು ಕಾಣುವ ತಪ್ಪು ಒಂದೇ: ಚಾಲಕನಿಗೆ ಇನ್ನೂರು ರೂಪಾಯಿ ತೋರಿಸಿ ‘ಇನ್ನೂ ಸ್ವಲ್ಪ ಹತ್ತಿರ’ ಎನ್ನುವುದು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕೆನ್ನುತ್ತದೆ. ನಿಮ್ಮ ಇನ್ನೂರು ರೂಪಾಯಿಗೆ ಅವನ ಕೆಲಸ ಹೋಗಬಹುದು. ಕಾಡಿನಲ್ಲಿ ಹುಲಿ ಇರುವ ಸುಳಿವು ಸಿಗುವುದು ಜಿಂಕೆ, ಮುಸುವಗಳ ಎಚ್ಚರಿಕೆ ಕೂಗಿನಿಂದ. ಜೀಪಿನಲ್ಲಿ ಹರಟೆ ನಡೆದಿದ್ದರೆ ಅದು ಕೇಳಿಸುವುದೇ ಇಲ್ಲ.

ಸಫಾರಿ ಸಿಗದವರು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ. ಅದೂ ಬಂಡೀಪುರದ ಕಾಡೇ. ಸ್ವಂತ ವಾಹನವನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಸರ್ಕಾರಿ ಬಸ್ಸಿನಲ್ಲೇ ಮೇಲೆ ಹೋಗಬೇಕು, ಹಾಗಾಗಿ ಎಲ್ಲೆಂದರಲ್ಲಿ ನಿಲ್ಲಿಸುವ ಪ್ರಶ್ನೆಯೇ ಏಳುವುದಿಲ್ಲ. ದೇವಸ್ಥಾನದ ಹಿಂದಿನ ಇಳಿಜಾರಿನ ಹುಲ್ಲುಗಾವಲಿನಲ್ಲಿ ಆನೆಗಳು ಮೇಯುವುದು ಎಷ್ಟೋ ಸಲ ದೂರದಿಂದ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು ಹೋಗಿ. ಕೆಳಗಿಳಿಯುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ, ಸಂಜೆಯ ಮೊದಲೇ ಬೆಟ್ಟ ಖಾಲಿ ಮಾಡಿಸುತ್ತಾರೆ.